ನನ್ನ ಬೆರಳು ನಂದಲ್ಲವಂತೆ

ಡೇಟಾ ಸೈನ್ಸ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಒಂದು ಹೂವಿನ ಪಟ್ಟಿ ಕೈಗೆ ಬರುತ್ತದೆ. ಐರಿಸ್ ಹೂವಿನ ಮೂರು ಪ್ರಭೇದ, ಒಂದೊಂದರಲ್ಲಿ 50, ಒಟ್ಟು 150 ಹೂವು. ಪ್ರತಿ ಹೂವಿಗೂ ನಾಲ್ಕು ಅಳತೆ. ಹೆಸರನ್ನು ಮುಚ್ಚಿಟ್ಟು, ಬರೀ ಅಳತೆ ನೋಡಿ ಇದು ಯಾವ ಪ್ರಭೇದ ಎಂದು ಕಂಪ್ಯೂಟರಿನ ಬಾಯಲ್ಲಿ ಹೇಳಿಸಬೇಕು. ಅದರಲ್ಲಿ ಎರಡು ಪ್ರಭೇದದ ಹೂವುಗಳನ್ನು ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಕೆನಡಾದ ಗ್ಯಾಸ್ಪೆ ಪ್ರದೇಶದ ಒಂದೇ ಹುಲ್ಲುಗಾವಲಿನಲ್ಲಿ ಒಂದೇ ದಿನ ಕಿತ್ತದ್ದು. ಒಂದೇ ಕೈ, ಒಂದೇ ಉಪಕರಣದಲ್ಲಿ ಅಳೆದದ್ದು. ಇಷ್ಟು ಅಚ್ಚುಕಟ್ಟಾದ ಅಳತೆ ಸಿಗುವುದು ಅಪರೂಪ.

ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಆ ಹೂವುಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿದ್ದೇನೋ ಲೆಕ್ಕವಿಲ್ಲ. ಆದರೆ 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಆ ಪಟ್ಟಿಯನ್ನು ಯಾವ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಒಂದು ದಿನವೂ ಹೇಳಲಿಲ್ಲ. ಪತ್ರಿಕೆಯ ಹೆಸರು ‘ಆನಲ್ಸ್ ಆಫ್ ಯೂಜೆನಿಕ್ಸ್’. ಮನುಷ್ಯರಲ್ಲಿ ‘ಒಳ್ಳೆಯ ತಳಿ’ ಹೆಚ್ಚಬೇಕು, ‘ಕೆಟ್ಟ ತಳಿ’ ತಗ್ಗಬೇಕು ಎಂಬ ವಾದಕ್ಕೆಂದೇ ಹುಟ್ಟಿದ ಪತ್ರಿಕೆ ಅದು. ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಗೆ ಬರುವುದಿಲ್ಲ, ಸುಮ್ಮನೆ ಯಾಕೆ ಎಂದುಕೊಂಡೆ. ಆ ‘ಸುಮ್ಮನೆ ಯಾಕೆ’ ಎಂಬುದಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತರಗತಿಯಲ್ಲಿ ಕೂತು ಹೋಗಿ ಈಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನುಷ್ಯರ ಮುಖ, ಬೆರಳು, ನಡಿಗೆ, ದನಿಯನ್ನು ಅಂಕಿಗೆ ಇಳಿಸುವ ಕೆಲಸದಲ್ಲಿರುವ ನಿಮಗೆ.

ನಾವು ನಿತ್ಯ ಬಳಸುವ ಪದಗಳ ಹುಟ್ಟೂರು ನೋಡಿ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಒಂದು ಅಳತೆಯ ಮಳಿಗೆ ತೆರೆದ. ಮೂರು ಪೆನ್ನಿ ಕೊಟ್ಟರೆ ನಿಮ್ಮ ಎತ್ತರ, ತೂಕ, ಉಸಿರಿನ ಬಲ, ಹಿಡಿತದ ಬಲ, ಕಣ್ಣಿನ ತೀಕ್ಷ್ಣತೆ ಎಲ್ಲ ಅಳೆದು ಚೀಟಿ ಕೊಡುತ್ತಿದ್ದರು. ಜನ ದುಡ್ಡು ಕೊಟ್ಟು ತಮ್ಮನ್ನು ಅಳೆಸಿಕೊಂಡರು, 9,337 ಮಂದಿ. ಎರಡು ವರ್ಷದ ಮೇಲೆ ಆತ 205 ಜೋಡಿ ತಂದೆತಾಯಿಯರ, ಅವರ 928 ಬೆಳೆದ ಮಕ್ಕಳ ಎತ್ತರ ಇಟ್ಟುಕೊಂಡು ಲೆಕ್ಕ ಹಾಕಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸಿನ ಅಳತೆಗೆ ತಂದುಕೊಂಡ. ಬಹಳ ಎತ್ತರದವರ ಮಕ್ಕಳು ತಂದೆತಾಯಿಯಷ್ಟು ಎತ್ತರ ಇರುವುದಿಲ್ಲ, ಬಹಳ ಗಿಡ್ಡರ ಮಕ್ಕಳು ಅಷ್ಟು ಗಿಡ್ಡ ಇರುವುದಿಲ್ಲ, ಎರಡು ಕಡೆಯವರೂ ನಡುವಿನ ಕಡೆಗೆ ಜಾರುತ್ತಾರೆ. ಇಂದು ನೀವು ಒಂದು ಸಾಲು ಕೋಡಿನಲ್ಲಿ ಓಡಿಸುವ ರಿಗ್ರೆಷನ್ನಿಗೆ ಆ ಹೆಸರು ಬಂದದ್ದು ಇಲ್ಲಿಂದ. ನನಗೆ ಅಚ್ಚರಿಯಾಗುವುದು ಇದು: ಪ್ರಕೃತಿ ಎಲ್ಲರನ್ನೂ ನಡುವಿಗೆ ಎಳೆಯುತ್ತದೆ ಎಂದು ತನ್ನ ಕಣ್ಣಾರೆ ಕಂಡವನೇ, ಮೇಲಿನವರನ್ನು ಆರಿಸಿ ಬೆಳೆಸಬೇಕೆಂದು ಹಟ ಹಿಡಿದ. ‘ಯೂಜೆನಿಕ್ಸ್’ ಎಂಬ ಪದವನ್ನು 1883ರಲ್ಲಿ ಟಂಕಿಸಿದವನೂ ಅವನೇ. ಬ್ರಿಟನ್ನಿನ ಊರೂರಿನಲ್ಲಿ ಜೇಬಿನೊಳಗೆ ಕಾಗದ ಚುಚ್ಚಿಕೊಂಡು, ದಾರಿಯಲ್ಲಿ ಕಂಡ ಹೆಂಗಸರನ್ನು ಚೆಲುವೆ, ಸಾಧಾರಣ, ಕುರೂಪಿ ಎಂದು ಎಣಿಸಿದವನೂ ಅವನೇ. ಅವರಲ್ಲಿ ಒಬ್ಬಳಿಗೂ ತಾನು ಎಣಿಕೆಯಾದೆ ಎಂದು ಗೊತ್ತಾಗಲಿಲ್ಲ. ಇದನ್ನು ಓದಿ ನಗು ಬಂದರೆ, ನಿಮ್ಮ ಫೋನಿನ ಕ್ಯಾಮೆರಾ ನಿಮ್ಮನ್ನು ಎಣಿಸುವಾಗ ಜೇಬಿನೊಳಗೆ ಯಾವ ಸೂಜಿ ಇದೆ ಎಂದು ಒಮ್ಮೆ ಯೋಚಿಸಿ.

ಗಾಲ್ಟನ್ನನ ಶಿಷ್ಯ ಕಾರ್ಲ್ ಪಿಯರ್ಸನ್. ಸಹಸಂಬಂಧದ ಸೂತ್ರ, ಕೈ-ವರ್ಗ ಪರೀಕ್ಷೆ ಎಲ್ಲ ಆತನದು. 1901ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆ ಕಟ್ಟಿದವರಲ್ಲಿ ಒಬ್ಬ, 1925ರಲ್ಲಿ ಆ ‘ಆನಲ್ಸ್’ ಕಟ್ಟಿದವ. ಅದರ ಮೊದಲ ಸಂಪುಟದಲ್ಲೇ ಲಂಡನ್ನಿಗೆ ವಲಸೆ ಬಂದ ಯಹೂದಿ ಮಕ್ಕಳನ್ನು ಅಳೆದು, ಸ್ಥಳೀಯರಿಗಿಂತ ಕೊಂಚ ಕೀಳೆಂದು ಪುಟಗಟ್ಟಲೆ ಕೋಷ್ಟಕ ಹಾಕಿದ. ಮುಂದೆ ಏನಾಯಿತೆಂಬುದು ಜಗತ್ತಿಗೆ ಗೊತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ‘ಅಯೋಗ್ಯ’ರ ಸಂತಾನಹರಣಕ್ಕೆ ಒಪ್ಪಿಗೆ ಕೊಟ್ಟಿತು, ಅಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಆ ಗತಿಯಾಯಿತು. ಜರ್ಮನಿಯ 1933ರ ಕಾನೂನು ಸುಮಾರು ನಾಲ್ಕು ಲಕ್ಷ ಮಂದಿಯ ಮೇಲೆ ಕತ್ತರಿ ಆಡಿಸಿತು. ಆ ಫೈಲುಗಳಲ್ಲಿ ಬೈಗುಳಗಳಿರಲಿಲ್ಲ. ಅಂಕಿಗಳಿದ್ದವು.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿ ಮೂಗಿಗೆ ಬಂತು ಅಳತೆ.

ಹರ್ಬರ್ಟ್ ರಿಸ್ಲಿ ಎಂಬ ಐಸಿಎಸ್ ಅಧಿಕಾರಿ 1880ರ ದಶಕದಲ್ಲಿ ಬಂಗಾಳದ ಜಾತಿಗಳ ಮೂಗು ಅಳೆದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುವುದು ನಾಸಿಕ ಸೂಚ್ಯಂಕ. 70ಕ್ಕಿಂತ ಕಡಿಮೆಯಾದರೆ ನೀಳ, 85 ದಾಟಿದರೆ ಅಗಲ. ಸೂಚ್ಯಂಕ ಏರಿದಂತೆ ಜಾತಿಯ ಅಂತಸ್ತು ಇಳಿಯುತ್ತದೆ ಎಂಬುದು ರಿಸ್ಲಿಯ ಸಿದ್ಧಾಂತ. ಆತ 1901ರ ಜನಗಣತಿಯ ಮುಖ್ಯಸ್ಥನೂ ಆದ. ಆ ಗಣತಿಯಲ್ಲಿ ಜಾತಿಗಳನ್ನು ಮೇಲುಕೀಳಿನ ಸಾಲಿನಲ್ಲಿ ನಿಲ್ಲಿಸಿದ. ಮದರಾಸಿನಲ್ಲಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಅದೇ ಕೆಲಸವನ್ನು ಕ್ಯಾಲಿಪರ್ ಹಿಡಿದು ಮಾಡಿದ. ಆತನ 1909ರ ಏಳು ಸಂಪುಟಗಳಲ್ಲಿ ಕುರುಬರಿದ್ದಾರೆ, ಹೊಲೆಯರಿದ್ದಾರೆ, ಬಿಲ್ಲವರು, ಬಂಟರು, ಲಿಂಗಾಯತರು ಇದ್ದಾರೆ. ನಮ್ಮ ಅಜ್ಜನ ಅಜ್ಜಂದಿರ ತಲೆಬುರುಡೆಯ ಉದ್ದಗಲ ಅಲ್ಲಿ ಸೆಂಟಿಮೀಟರಿನಲ್ಲಿ ಇದೆ.

ಥರ್ಸ್ಟನ್ ತನ್ನ ಪುಸ್ತಕದಲ್ಲಿ ಕೆಲವು ಪ್ರಸಂಗಗಳನ್ನು ತಮಾಷೆಗೆಂದು ಹೇಳಿದ್ದಾನೆ. ವಯನಾಡಿನ ಪಣಿಯ ಬುಡಕಟ್ಟಿನ ಹೆಂಗಸರು, ತಮ್ಮಲ್ಲಿ ಚೆನ್ನಾಗಿರುವವರನ್ನು ಕೊಂದು ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಮ್ಮಿನಲ್ಲಿ ಇಡುತ್ತಾನೆಂದು ಹೆದರಿದರಂತೆ. ನೀಲಗಿರಿಯ ಇರುಳಿಗ ಬುಡಕಟ್ಟಿನ ಒಬ್ಬ, ಯಾವುದೋ ಹಳೆಯ ಸಣ್ಣ ಅಪರಾಧಕ್ಕೆ ಪೊಲೀಸರಿಗೆ ಬೇಕಾದವನು, ಅಳತೆಗೆ ಬಂದ. ಎತ್ತರ ಅಳೆಯುವ ಕಂಬ ನೋಡಿದ. ಇದು ಗಲ್ಲುಗಂಬ ಎಂದು ಹೇಳಿ ನಿಲ್ಲಲು ಸುತರಾಂ ಒಪ್ಪಲಿಲ್ಲ.

ಮೊದಲ ಸಲ ಓದಿದಾಗ ನನಗೂ ನಗು ಬಂದಿತ್ತು. ಎರಡನೆಯ ಸಲ ಬರಲಿಲ್ಲ. ಪಣಿಯ ಹೆಂಗಸರು ಮ್ಯೂಸಿಯಂ ಎಂದರೇನೆಂದು ಸರಿಯಾಗಿಯೇ ತಿಳಿದಿದ್ದರು. ಇರುಳಿಗನ ಊಹೆಯಾದರೂ ಎಷ್ಟು ದೂರ ಹೋಗಿತ್ತು? ಅದೇ ಥರ್ಸ್ಟನ್ ಪೊಲೀಸರಿಗೆ ದೇಹ ಅಳೆಯುವ ವಿದ್ಯೆ ಕಲಿಸುತ್ತಿದ್ದ. ಕಾನೂನಿನ ಪುಸ್ತಕದಲ್ಲಿ 1871ರಿಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇತ್ತು. ಅದರ ಪಟ್ಟಿಗೆ ಸೇರಿದ ಬುಡಕಟ್ಟಿನಲ್ಲಿ ಹುಟ್ಟಿದ ಮಗುವೇ ಅಪರಾಧಿ. ಹುಬ್ಬಳ್ಳಿಯವರನ್ನು ಕೇಳಿ, ಊರೊಳಗೆ ‘ಸೆಟ್ಲಮೆಂಟ್’ ಎಂಬ ಹೆಸರಿನ ಜಾಗ ಇವತ್ತಿಗೂ ಇದೆ. ಆ ಕಾಯ್ದೆಯಡಿ ಜನರನ್ನು ತಂದು ಬೇಲಿಯೊಳಗೆ ಕೂಡಿಹಾಕಿದ ಜಾಗ. ಪಟ್ಟಿಯಿಂದ ಅವರ ಹೆಸರು ಹೋಗಲು 1952ರ ಆಗಸ್ಟ್ 31 ಬರಬೇಕಾಯಿತು. ಕಂಬ ನೋಡಿ ಗಲ್ಲು ಅಂದ ಆ ಮನುಷ್ಯನಿಗೆ ಓದು ಬರುತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಈ ಮೂಗಿನ ಲೆಕ್ಕವನ್ನು ಮಗುಚಿ ಹಾಕಿದವರು ಅಂಬೇಡ್ಕರ್. ಅಸ್ಪೃಶ್ಯರು ಬೇರೆ ಜನಾಂಗದವರು ಎಂಬ ವಾದವನ್ನು ಒಡೆಯಲು 1948ರ ತಮ್ಮ ಪುಸ್ತಕದಲ್ಲಿ ಅವರು ಅಳತೆಯನ್ನು ಬೈಯಲಿಲ್ಲ, ಅಳತೆಯನ್ನೇ ಸಾಕ್ಷಿಗೆ ಕರೆದರು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಒಟ್ಟುಮಾಡಿದ್ದ ಸೂಚ್ಯಂಕಗಳನ್ನು ಪ್ರಾಂತವಾರು ಮುಂದಿಟ್ಟು, ಈ ಶಾಸ್ತ್ರವನ್ನು ನಂಬುವುದೇ ಆದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ಒಪ್ಪಿಕೊಳ್ಳಿ ಎಂದರು. ಅಂಕಿಯನ್ನು ಅಂಕಿಯ ಯಜಮಾನರ ವಿರುದ್ಧವೇ ನಿಲ್ಲಿಸುವುದು ಹೇಗೆಂದು ಕಲಿಯಬೇಕಾದರೆ ನಮ್ಮ ಸಂಖ್ಯಾಶಾಸ್ತ್ರದ ಪಠ್ಯದಲ್ಲಿ ಆ ಪುಟಗಳಿರಬೇಕಿತ್ತು. ಇಲ್ಲ.

ನನ್ನ ವಿದ್ಯೆಯ ಮೇಲೆ ನನಗೆ ಮುನಿಸಿಲ್ಲ, ಅದು ನನಗೆ ಅನ್ನ ಕೊಟ್ಟಿದೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. 1915ರಲ್ಲಿ ಕೇಂಬ್ರಿಜ್‌ನಿಂದ ಹೊರಟ ಪ್ರಶಾಂತಚಂದ್ರ ಮಹಾಲನೋಬಿಸ್ ‘ಬಯೋಮೆಟ್ರಿಕಾ’ದ ಸಂಪುಟಗಳನ್ನು ಕೊಂಡು ಹಡಗಿನಲ್ಲಿ ಓದುತ್ತ ಬಂದರು. ಕಲ್ಕತ್ತೆಯ ಆಂಗ್ಲೋ ಇಂಡಿಯನ್ನರ ಅಳತೆಗಳನ್ನು ಹಿಡಿದು ಕೂತರು. ಎರಡು ಗುಂಪುಗಳ ನಡುವೆ ಎಷ್ಟು ದೂರ ಎಂದು ಹೇಳುವುದು ಹೇಗೆ? 1936ರ ಹೊತ್ತಿಗೆ ಅವರು ಕೊಟ್ಟ ಉತ್ತರವೇ ‘ಮಹಾಲನೋಬಿಸ್ ದೂರ’. ಅದರ ಹೂರಣ ಇಷ್ಟೆ. ಎರಡು ಸರಾಸರಿಗಳ ನಡುವಿನ ಅಂತರವನ್ನು ಹಾಗೆಯೇ ಹೇಳುವಂತಿಲ್ಲ. ಗುಂಪಿನ ಒಳಗೇ ಜನ ಎಷ್ಟು ಬೇರೆಬೇರೆಯಾಗಿದ್ದಾರೆ ಎಂದು ಮೊದಲು ನೋಡಿ, ಆ ಹರವಿನಿಂದ ಅಂತರವನ್ನು ತೂಗಬೇಕು. ಒಂದು ಮನೆಯ ಅಣ್ಣತಮ್ಮಂದಿರ ನಡುವೆಯೇ ಮೂರು ಇಂಚು ವ್ಯತ್ಯಾಸ ಇದ್ದರೆ, ಎರಡು ಜಾತಿಗಳ ಸರಾಸರಿಯ ಅರ್ಧ ಇಂಚಿಗೆ ಏನು ಬೆಲೆ? ಈ ಸೂತ್ರವನ್ನು ಇಂದು ಬ್ಯಾಂಕಿನ ವಂಚನೆ ಹಿಡಿಯಲು, ಯಂತ್ರದ ದೋಷ ಹಿಡಿಯಲು ನೀವು ಬಳಸುತ್ತೀರಿ. ಹರವಿನ ಮ್ಯಾಟ್ರಿಕ್ಸನ್ನು ತಿರುವಿ ಹಾಕುವ ಸಾಲು ಬರೆಯುವಾಗ ಅದರೊಳಗಿನ ಮರ್ಯಾದೆ ನಿಮಗೆ ಕಾಣಲಿ ಎಂಬುದು ನನ್ನ ಆಸೆ.

ಮಹಾಲನೋಬಿಸರ ಶಿಷ್ಯ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ. ಅಂದರೆ ಥರ್ಸ್ಟನ್ ಕ್ಯಾಲಿಪರ್ ಹಿಡಿದು ಸುತ್ತಿದ ಸೀಮೆ. ಅವರು 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಿಂದ ಅಗೆದು ತಂದಿದ್ದ ಅಸ್ಥಿಗಳ ಅಳತೆಯ ಮೇಲೆ ಕೆಲಸ ಮಾಡಿದರು, ಅದೇ ಫಿಶರ್ ಕೈಕೆಳಗೆ ಪಿಎಚ್.ಡಿ. ಪಡೆದರು. 102 ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. ಅಳೆಸಿಕೊಂಡವರ ಸೀಮೆಯಿಂದಲೇ ಅಳತೆಯ ಗುರು ಬಂದರು ಎಂದು ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಕ್ಯಾಲಿಪರ್ ನಮ್ಮವರ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿದದ್ದು ನಮ್ಮ ತಪ್ಪು.

ಸರಿಯಾಗಿ ಅಳೆಯುವುದು ಹೇಗಿರುತ್ತದೆಂದು ನೋಡಬೇಕಾದರೆ ಅಂಗನವಾಡಿಗೆ ಹೋಗಿ. ಟೀಚರ್ ಕೈಯಲ್ಲಿ ಬಣ್ಣದ ಪಟ್ಟಿ ಇರುತ್ತದೆ. ಮಗುವಿನ ರಟ್ಟೆಯ ಸುತ್ತ ಕಟ್ಟಿ ನೋಡುತ್ತಾರೆ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ, ತಕ್ಷಣ ಆರೈಕೆ ಬೇಕು. ಮಗುವನ್ನು ತೂಗಿ ಗುರುತು ಹಾಕುವ ಬೆಳವಣಿಗೆಯ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯದು, 2006ರದ್ದು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದಕ್ಷಿಣ ದೆಹಲಿಯ ಮಕ್ಕಳನ್ನು ಅಳೆದು ಮಾಡಿದ್ದು. ಎದೆಹಾಲು, ಒಳ್ಳೆಯ ಊಟ, ಒಳ್ಳೆಯ ನೀರು ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಎಂದು ಅದು ತೋರಿಸಿತು. ರಿಸ್ಲಿ ಮೂಗಿನಲ್ಲಿ ಹುಡುಕಿದ್ದನ್ನು ಇವರು ತಟ್ಟೆಯಲ್ಲಿ ಕಂಡರು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದರೆ, ಆ ಅಂಕಿ ಮಕ್ಕಳ ಕಡೆ ಬೆರಳು ತೋರಿಸುವುದಿಲ್ಲ, ನಮ್ಮ ಕಡೆ ತೋರಿಸುತ್ತದೆ.

ಆದರೂ ಸರಾಸರಿಯನ್ನು ಒಬ್ಬ ಮನುಷ್ಯನ ಕೊರಳಿಗೆ ಕಟ್ಟುವಾಗ ಕೈ ನಡುಗಬೇಕು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯೂಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ‘ಲ್ಯಾನ್ಸೆಟ್’ನಲ್ಲಿ ಹಾಕಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಒಬ್ಬರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಇನ್ನೊಬ್ಬರಲ್ಲಿ 21.2. ಹೆಚ್ಚಿದ್ದದ್ದು ತೆಳ್ಳಗೆ ಕಾಣುವ ನಮ್ಮ ಯಾಜ್ಞಿಕರಲ್ಲಿ. ಆ ಸೂಚ್ಯಂಕದ ಮೂಲ ಬೆಲ್ಜಿಯಮ್ಮಿನ ಕೆತ್ಲೆ, 1830ರ ದಶಕ. ಆತನಿಗೆ ಬೇಕಿದ್ದದ್ದು ಸಮುದಾಯದ ‘ಸರಾಸರಿ ಮನುಷ್ಯ’, ರೋಗಿಯಲ್ಲ. ಬೇರೆಯವರ ಮೇಲೆ ಅಂಕಿ ಹಾಕುವ ಮುನ್ನ ಈ ಇಬ್ಬರು ತಮ್ಮ ಮೈ ತೋರಿಸಿದರು ನೋಡಿ, ಅದು ನನಗೆ ಆ ಲೇಖನದ ಅತಿ ದೊಡ್ಡ ಮಾತು.

ಹಿಂದೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಕುಂಬಾರ, ಬಡಗಿ, ಅಗಸ, ತೋಟಿ, ತಮ್ಮ ಪಾಲಿಗೆ ಬಂದ ಆಯಗಾರರು ಸುತ್ತ ನಿಂತಿರುತ್ತಿದ್ದರು. ಕೊಳಗ ಅವರ ಕಣ್ಣೆದುರು ತುಂಬುತ್ತಿತ್ತು. ಅಲ್ಲಿ ಮೋಸ ಇರಲಿಲ್ಲ ಅನ್ನಬೇಡಿ; ಬೇಕಾದಷ್ಟಿತ್ತು. ಯಾರು ಎಷ್ಟು ದೂರ ನಿಲ್ಲಬೇಕೆಂಬುದನ್ನೂ ಜಾತಿಯೇ ಹೇಳುತ್ತಿತ್ತು. ಆದರೂ ಕೊಳಗ ಸುಳ್ಳು ಎಂದು ಜಗಳ ತೆಗೆಯಲು ಎದುರಿಗೊಬ್ಬ ಮನುಷ್ಯ ಇದ್ದ.

ಈಗ ಯಾರ ಹತ್ತಿರ ಜಗಳ ತೆಗೆಯುವುದು? ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಅಜ್ಜಿಯೊಬ್ಬರನ್ನು ಒಂದು ದಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕಂಡೆ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತ ಕೈ. ಅಡಿಕೆಯ ಚೊಗರು ಕುಡಿದು ಬೆರಳ ತುದಿ ಕಪ್ಪಾಗಿದೆ, ಗೆರೆ ಸವೆದು ನುಣ್ಣಗಾಗಿದೆ. ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರು, ತೋರುಬೆರಳು ಒತ್ತಿದರು, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. “ತಗೋತಿಲ್ಲ ಅಜ್ಜಿ, ಕೈ ತೊಳ್ಕೊಂಡು ನಾಳೆ ಬನ್ನಿ” ಎಂದ ಹುಡುಗ. ಅವನದೂ ತಪ್ಪಿಲ್ಲ, ಅವನಿಗೂ ಮಿಷನ್ ಒಪ್ಪಬೇಕು. ಅಜ್ಜಿ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಈ ಮಿಷನ್ನಿಗೆ ನನ್ನ ಬೆರಳು ನಂದಲ್ಲವಂತೆ” ಎಂದರು. ನಕ್ಕುಕೊಂಡೇ ಹೇಳಿದರು. ಓದು ಬಾರದವರನ್ನು ‘ಹೆಬ್ಬೆಟ್ಟು’ ಎಂದು ಹೀಯಾಳಿಸಿದ ಊರು ಇದು. ಈಗ ಮಿಷನ್ ಆ ಹೆಬ್ಬೆಟ್ಟನ್ನೂ ಒಪ್ಪಲೊಲ್ಲದು.

ನಾನು ಆಗ ಏನೂ ಹೇಳಲಿಲ್ಲ. ನನಗೆ ಆ ಲೆಕ್ಕ ಗೊತ್ತಿತ್ತು, ಅದೇ ನಾಚಿಕೆ. ಎರಡು ಬೆರಳಚ್ಚು ಒಂದೇ ಎನ್ನಲು ಎಷ್ಟು ಹೋಲಿಕೆ ಸಾಕು ಎಂಬ ಗೆರೆಯನ್ನು ಯಾರೋ ಒಬ್ಬರು ಎಳೆದಿರುತ್ತಾರೆ. ಗೆರೆ ಬಿಗಿಯಾದರೆ ನಿಜವಾದವರು ಹೊರಗುಳಿಯುತ್ತಾರೆ, ಸಡಿಲವಾದರೆ ಸುಳ್ಳು ಬೆರಳು ಒಳಗೆ ಬರುತ್ತದೆ. ಎರಡು ತಪ್ಪುಗಳಲ್ಲಿ ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ, ಇದು ಬಿ.ಎಸ್ಸಿ. ಎರಡನೇ ವರ್ಷದ ಪಾಠ. ಯಾವ ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂಬುದು ಯಾವ ವರ್ಷದ ಪಾಠವೂ ಅಲ್ಲ. ಸರ್ಕಾರಿ ಸೇವೆಗಳಲ್ಲಿ ಆಧಾರ್ ದೃಢೀಕರಣ ನೂರಕ್ಕೆ 88ರಷ್ಟು ಯಶಸ್ವಿ ಎಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದು ಆಧಾರ್ ಪ್ರಾಧಿಕಾರವೇ. ಇದು ನೂರು ಜನರ ಲೆಕ್ಕವಲ್ಲ, ನೂರು ಪ್ರಯತ್ನಗಳ ಲೆಕ್ಕ. ಮೇಷ್ಟ್ರಾಗಿ ಅದನ್ನೂ ಹೇಳಬೇಕು. ಆದರೂ ನನ್ನ ವಿದ್ಯಾರ್ಥಿ ಪ್ರಯೋಗದ ಪುಸ್ತಕದಲ್ಲಿ ನೂರಕ್ಕೆ 12 ತಪ್ಪು ಬರೆದು ತಂದಿದ್ದರೆ, ಉಪಕರಣ ಸರಿಮಾಡಿಕೊಂಡು ಬಾ ಎಂದು ವಾಪಸು ಕಳಿಸುತ್ತಿದ್ದೆ.

ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲೇ. ಐದು ವರ್ಷದಲ್ಲಿ, 2022ರಲ್ಲಿ, ಇನ್ನೊಂದು ಕಾಯ್ದೆ ಬಂತು. ಪೊಲೀಸರು ಹಿಡಿದವರ ಬೆರಳು, ಕಣ್ಣಿನ ಪಾಪೆ, ಸಹಿ, ವರ್ತನೆಯ ಗುರುತುಗಳನ್ನು ತೆಗೆದು 75 ವರ್ಷ ಇಟ್ಟುಕೊಳ್ಳಬಹುದು. ಆ ಕಾಯ್ದೆ ಇವಕ್ಕೆಲ್ಲ ಕೊಟ್ಟ ಹೆಸರು ‘ಅಳತೆಗಳು’. ಇರುಳಿಗನ ಕಂಬ ಈಗ ಪಾರದರ್ಶಕ ಗಾಜಿನದಾಗಿದೆ.

ನಾನು ಕೇಳುತ್ತಿರುವುದು ಕೆಲಸ ಬಿಟ್ಟು ಬನ್ನಿ ಎಂದಲ್ಲ. ಮನೆ ಸಾಲ ಇದೆ, ಮಕ್ಕಳ ಫೀಸು ಇದೆ, ಗೊತ್ತು. ಆ ಕುರ್ಚಿಯಲ್ಲೇ ಕೂತು ಬಾಯಿ ಬಿಡಿ. ನಿಮ್ಮ ಮೀಟಿಂಗಿನಲ್ಲಿ ‘ಒಟ್ಟು ನಿಖರತೆ 97’ ಎಂಬ ಸ್ಲೈಡ್ ಬಂದಾಗ, ಉಳಿದ ಮೂವರು ಯಾರು ಎಂದು ಕೇಳಿ. ಅವರು ಚದುರಿ ಹೋದವರೇ, ಅಥವಾ ಎಲ್ಲರೂ ಒಂದೇ ಓಣಿಯವರೇ? ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು 2018ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಬಿಳಿ ಗಂಡಸರಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಕಪ್ಪು ಹೆಂಗಸರಲ್ಲಿ 34ರ ಮೇಲೆ ಹೋದದ್ದೂ ಇತ್ತು. ಒಟ್ಟು ಸರಾಸರಿ ಅದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿತ್ತು. ಗುಂಪಿನ ಹೆಸರಿನಲ್ಲಿ ಒಬ್ಬರ ಸಾಲ, ಕೆಲಸ, ಜಾಮೀನು ತೀರ್ಮಾನಿಸುವ ಮಾದರಿಗೆ ಸಹಿ ಕೇಳಿದರೆ ಕೊಡಬೇಡಿ. ಮಿಷನ್ ಒಲ್ಲೆನೆಂದಾಗ ಮನುಷ್ಯನೊಬ್ಬ ‘ಹೌದು, ಇವರೇ’ ಎಂದು ಹೇಳಬಲ್ಲ ಬಾಗಿಲನ್ನು ನಿಮ್ಮ ವಿನ್ಯಾಸದೊಳಗೇ ಇಡಿ. ದೃಢೀಕರಣ ಆಗದ ಕಾರಣಕ್ಕೆ ಪಡಿತರ ನಿಲ್ಲಿಸಬೇಡಿ ಎಂಬ ಸೂಚನೆ 2017ರಿಂದಲೇ ಕಾಗದದ ಮೇಲಿದೆ. ಕಾಗದದ ಮೇಲೆ ಇರುವುದನ್ನು ಪರದೆಯ ಮೇಲೆ ಒಂದು ಗುಂಡಿಯಾಗಿ ತರುವುದು ನಿಮ್ಮ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ.

ಪಾಠ ಮಾಡುತ್ತಿರುವ ಗೆಳೆಯರೇ, ನಾಳೆ ಆ ಹೂವಿನ ಪಟ್ಟಿ ತೆರೆದಾಗ ಪತ್ರಿಕೆಯ ಹೆಸರೂ ಹೇಳಿ. ಐದು ನಿಮಿಷ ಸಾಕು.

ಅಜ್ಜಿಗೆ ಆ ತಿಂಗಳ ಅಕ್ಕಿ ಮೂರನೆಯ ಸಲ ಹೋದಾಗ ಸಿಕ್ಕಿತು, ಕಿರುಬೆರಳಿನಲ್ಲಿ. ನಮ್ಮೂರಿನ ಅಂಗಡಿ ತೆಗೆಯುವುದು ಸಾಮಾನ್ಯವಾಗಿ ಹತ್ತನೇ ತಾರೀಖಿನ ಮೇಲೆ. ನಿಮ್ಮಲ್ಲಿ ಯಾರಾದರೂ ಆ ಗೆರೆ ಎಳೆದವರೋ, ಎಳೆದವರ ಪಕ್ಕದ ಮೇಜಿನವರೋ ಇದ್ದರೆ ಒಮ್ಮೆ ಬನ್ನಿ. ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಏಳಕ್ಕೆ ಇಳಿಯುತ್ತೀರಿ, ನಮ್ಮ ಮನೆಯಲ್ಲೇ ತಿಂಡಿ. ಸಾಲು ಒಂಬತ್ತಕ್ಕೆ ಶುರುವಾಗುತ್ತದೆ. ಅಜ್ಜಿಯ ಹಿಂದೆ ನಿಂತುಕೊಳ್ಳಿ.